ಉಡದಾರದ ಕೆಳಗಿನ ನೋವು

ರಾಜೂರಿನ ಹೊಳೆವ್ವನಿಗೆ ಮಂದಿಯ ಹೊಟ್ಟೆಗಳ ಮೇಲೆ ಬೇಸರ ಬಂದು ಬಹಳ ಕಾಲವಾಗಿತ್ತು. ಬೆಳಕು ಹರಿದು ಅವಳು ಬಾಗಿಲು ತೆಗೆಯುವಷ್ಟರಲ್ಲಿ ಹೊರಗಿನ ಕಟ್ಟೆಯ ಮೇಲೆ ಒಂದಲ್ಲ ಒಂದು ಹೊಟ್ಟೆ ಬಂದು ಕೂತಿರುತ್ತಿತ್ತು. ಬಟ್ಟಿ ನೋಡುವುದು ಖಾಲಿ ಹೊಟ್ಟೆಯಲ್ಲೇ ಆಗಬೇಕು. ಹಾಗಾಗಿ ಬಂದವರು ಹನಿ ನೀರು ಕುಡಿಯದೆ ಬಂದಿರುತ್ತಿದ್ದರು, ಅವರಿಗೆ ಅವಸರ. ಅವರ ಅವಸರದಲ್ಲಿ ಹೊಳೆವ್ವನಿಗೂ ನೀರಿಲ್ಲ, ಮುಖ ತೊಳೆಯಲು ಪುರಸೊತ್ತಿಲ್ಲ. ಒಂದು ದಿನವಾದರೂ ಹೊತ್ತೇರುವ ತನಕ ಮಲಗಬೇಕೆಂದು ಅವಳಿಗೆ ಆಸೆಯಿತ್ತು. ಊರು ಆ ಆಸೆಯನ್ನು ಈಡೇರಿಸಲಿಲ್ಲ.

ಬಟ್ಟಿ ಅಂದರೆ ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಕ್ಕುಳದ ಅಡಿ ಮಿಡಿಯುವ ನಾಡಿ ಅದು. ಭಾರ ಎತ್ತಿದರೆ, ತಗ್ಗಿನಲ್ಲಿ ಕಾಲು ಜಾರಿದರೆ ತನ್ನ ಜಾಗ ಬಿಟ್ಟು ಸರಿಯುತ್ತದೆ ಎಂದು ನಂಬಿಕೆ. ಸರಿಯಿತೆಂದರೆ ಹೊಟ್ಟೆನೋವು, ಭೇದಿ, ಸೊಂಟದ ಸೆಳೆತ, ಉಂಡದ್ದು ಮೈಗೆ ಹತ್ತದಿರುವುದು, ಎಲ್ಲದಕ್ಕೂ ಅದೇ ಕಾರಣ. ಎದುರಾಡುವ ಸೊಸೆಯ ಬಟ್ಟಿ ಸರಿದಿದೆಯೇನೋ ನೋಡವ್ವ ಎಂದು ಒಬ್ಬ ಅತ್ತೆ ಮುಶಿಗೇರಿಯಿಂದ ಹುಡುಗಿಯನ್ನು ಎಳೆದುಕೊಂಡು ಬಂದದ್ದೂ ಉಂಟು. ಹೊಳೆವ್ವ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, ಬಟ್ಟಿ ನೆಟ್ಟಗಿದೆ, ಊಟ ಸಾಲುತ್ತಿಲ್ಲ ಎಂದು ಹೇಳಿ ಕಳಿಸಿದ್ದಳು.

ಅವಳ ಕೆಲಸ ನೋಡಲು ಸರಳ. ಬಂದವರನ್ನು ಅಂಗಾತ ಮಲಗಿಸಿ, ಹೊಕ್ಕುಳದ ಮೇಲೆ ಬೆರಳೂರಿ, ಮಿಡಿತ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹುಡುಕುವುದು. ಸರಿದಿದ್ದರೆ ಔಡಲೆಣ್ಣೆ ಹಚ್ಚಿ ಸುತ್ತಲಿಂದ ನಡುವಿಗೆ ತಿಕ್ಕುವುದು. ಅದಕ್ಕೂ ಬಗ್ಗದಿದ್ದರೆ ಹೊಕ್ಕುಳದ ಮೇಲೆ ಕಣಕದ ಬಿಲ್ಲೆಯಿಟ್ಟು, ಅದರ ಮೇಲೆ ಸಣ್ಣ ಬತ್ತಿ ಹೊತ್ತಿಸಿ, ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕುವುದು. ಒಳಗೆ ದೀಪ ಆರುತ್ತಲೇ ತಂಬಿಗೆ ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಕಿತ್ತಾಗ ಟೊಪ್ಪೆಂದು ಸದ್ದು ಬಂದರೆ ಬಟ್ಟಿ ಜಾಗಕ್ಕೆ ಬಂತೆಂದು ಅರ್ಥ, ಆ ಸದ್ದಿಗೇ ಮಲಗಿದವನ ಅರ್ಧ ನೋವು ಹೋಗಿರುತ್ತಿತ್ತು.

ವಿದ್ಯೆ ಬಂದದ್ದು ಅತ್ತೆಯಿಂದ. ಆ ಮುದುಕಿ ಎರಡು ಕಟ್ಟು ಹಾಕಿ ಕಲಿಸಿದ್ದಳು. ಕೈಗುಣಕ್ಕೆ ಯಾರಿಂದಲೂ ಏನೂ ಇಸಿದುಕೊಳ್ಳಬಾರದು, ಬಂದವರನ್ನು ತಿರುಗಿ ಕಳಿಸಬಾರದು ಎಂಬುದು ಒಂದು. ಗಂಡಸರ ಉಡದಾರದ ಕೆಳಗೆ ಕೈಯೂ ಹೋಗಬಾರದು, ಕಣ್ಣೂ ಹೋಗಬಾರದು ಎಂಬುದು ಇನ್ನೊಂದು. ಸೊಂಟಕ್ಕೆ ಕಟ್ಟಿದ ಆ ದಾರವೇ ಗಡಿ. ಹೊಳೆವ್ವ ಮೊದಲನೆಯದನ್ನು ಗೊಣಗುತ್ತಾ ಪಾಲಿಸಿದಳು. ಎರಡನೆಯದರ ಬಗ್ಗೆ ಅವಳಿಗೆ ತಕರಾರೇ ಇರಲಿಲ್ಲ. ಮರ್ಯಾದಸ್ಥ ಹೆಂಗಸಿಗೆ ಅದನ್ನು ಯಾರಾದರೂ ಹೇಳಿಕೊಡಬೇಕೇ?

ಇಷ್ಟು ಹೆಸರಾದ ಕೈ ಸ್ವಂತ ಮನೆಯಲ್ಲಿ ಸೋತಿತ್ತು. ಗಂಡ ಅಂದಾನಪ್ಪ ಗಜೇಂದ್ರಗಡದ ಪೇಟೆಯಲ್ಲಿ ಹತ್ತಿಯನ್ನು ಅಂಡಿಗೆಯ ಚೀಲಕ್ಕೆ ತುಳಿದು ತುಂಬುತ್ತಿದ್ದವನು. ಒಂದು ಬೇಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದ. ವಾಂತಿ ನಿಲ್ಲಲಿಲ್ಲ, ಹೊಟ್ಟೆ ಉಬ್ಬಿತು. ಹೊಳೆವ್ವ ತಿಕ್ಕಿದಳು, ತಂಬಿಗೆ ಹಾಕಿದಳು, ಕಿತ್ತು ಮತ್ತೆ ಹಾಕಿದಳು. ಅವಳ ಕೈಯ ಕೆಳಗೇ ಅವನು ತಣ್ಣಗಾದ. ಬಟ್ಟಿ ಹೊರಳಿಬಿಟ್ಟಿತ್ತು, ಹೊಳೆವ್ವನ ಕೈಲಿ ಆಗದ್ದು ಇನ್ನಾರ ಕೈಲಿ ಆಗುತ್ತಿತ್ತು ಎಂದು ಊರು ಸಮಾಧಾನ ಹೇಳಿತು. ಮಣ್ಣು ಕೊಟ್ಟು ಬಂದ ವಾರದೊಳಗೆ ಕಟ್ಟೆಯ ಮೇಲೆ ಮತ್ತೆ ಹೊಟ್ಟೆಗಳು ಬಂದು ಕೂತವು. ಅವಳ ದಣಿವು ಶುರುವಾದದ್ದು ಅಂದಿನಿಂದ. ನಿದ್ದೆ ಮಾಡಿದರೆ ಹೋಗುವಂಥ ದಣಿವು ಅದಾಗಿರಲಿಲ್ಲ.

ಅಪ್ಪನ ಕೆಲಸಕ್ಕೆ ಮಗ ಕಳಕಪ್ಪ ಸೇರಿಕೊಂಡ. ಅಂಡಿಗೆ ತುಳಿಯುವ ಕೆಲಸ ಆಳೆತ್ತರದ ಗೋಣಿಚೀಲದೊಳಗೆ ಆಗಬೇಕು. ಚೀಲದ ಬಾಯನ್ನು ತೊಲೆಗೆ ಕಟ್ಟಿ ಕೆಳಗೆ ಇಳಿಬಿಡುತ್ತಾರೆ. ಲಂಗೋಟಿ ಬಿಗಿದ ಆಳು ಒನಕೆ ಹಿಡಿದು ಅದರೊಳಗೆ ಇಳಿಯುತ್ತಾನೆ. ಮೇಲಿಂದ ಹತ್ತಿ ಸುರಿಯುತ್ತಾರೆ. ಅವನು ಹಿಮ್ಮಡಿಯಿಂದ ತುಳಿದು, ಒನಕೆಯಿಂದ ಜಡಿದು, ಹತ್ತಿ ಏರಿದಂತೆ ತಾನೂ ಏರುತ್ತಾ ಕೊನೆಗೆ ಚೀಲದ ಬಾಯಲ್ಲಿ ಬಂದು ನಿಲ್ಲುತ್ತಾನೆ. ಮೂಗು, ಬಾಯಿ, ರೆಪ್ಪೆಯ ಮೇಲೆಲ್ಲ ಬಿಳಿ ಧೂಳು. ಮೇಲೆ ಬಂದವನ ಕೈಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ಪೇಟೆಯ ವಾಡಿಕೆ. ಕಳಕಪ್ಪ ಬೆಲ್ಲ ಕಚ್ಚಿಕೊಂಡೇ ಮುಂದಿನ ಚೀಲಕ್ಕೆ ಇಳಿಯುವವನು. ಅಂದಾನಪ್ಪನ ಮಗ ಅಂದಾನಪ್ಪನನ್ನೂ ಮೀರಿಸಿದ ಎಂದು ಪೇಟೆಯವರು ಹೇಳಿದರೆ ಹೊಳೆವ್ವನಿಗೆ ಹೆಮ್ಮೆಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ನರಗುಂದದ ಅರಸ ಇಂಗ್ಲಿಷರ ಮೇಲೆ ತಿರುಗಿಬಿದ್ದು ಗದ್ದಲವಾದ ಮರುವರ್ಷದ ಮಾತು. ಹಿಂದಿನ ವರ್ಷ ದಾರಿ ಕಟ್ಟಿ ಉಳಿದಿದ್ದ ಹತ್ತಿಯೂ ಆ ವರ್ಷದ ಹತ್ತಿಯೂ ಕೂಡಿ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಮಟೆಯ ಬಂದರಿಗೆ ಹೊರಡುವ ಗಾಡಿಗಳು ಊರ ಹೊರಗೆ ಸಾಲುಗಟ್ಟಿ ನಿಂತಿದ್ದವು. ತುಳಿಯುವವರಿಗೆ ಬಿಡುವು ಎಂಬುದೇ ಇಲ್ಲ. ಅಂಥ ಒಂದು ಸಂಜೆ ಕಳಕಪ್ಪ ಮನೆಗೆ ಬಂದವನು ಊಟಕ್ಕೆ ಕೂರದೆ ಗೋಡೆಗೆ ಒರಗಿದ.

"ಯವ್ವಾ, ಹೊಟ್ಟಿ ಹಿಡ್ಕೊಂಡೈತಿ."

"ಎಲ್ಲಿ ಹಿಡ್ಕೊಂಡೈತೋ?"

"ಇಲ್ಲೇ," ಎಂದು ಅವನು ಹೊಕ್ಕುಳ ತೋರಿಸಿದ.

ಅದು ಸುಳ್ಳು. ನೋವಿದ್ದದ್ದು ಬಲಗಡೆಯ ತೊಡೆಸಂದಿಯಲ್ಲಿ. ಆದರೆ ಮೀಸೆ ಬಂದ ಮಗ ಹೆತ್ತ ತಾಯಿಗೆ ಆ ಜಾಗ ತೋರಿಸುವುದುಂಟೇ? ಹೊಳೆವ್ವ ಅವನನ್ನು ಮಲಗಿಸಿ ಹೊಕ್ಕುಳಕ್ಕೆ ಬೆರಳಿಟ್ಟಳು. ದಣಿದ ಬೆರಳು ಏನು ಹುಡುಕುತ್ತದೋ ಅದೇ ಅದಕ್ಕೆ ಸಿಗುತ್ತದೆ. ಬಟ್ಟಿ ಒಂದಿಷ್ಟು ಓರೆಯಾಗಿದೆ ಎಂದು ಅನಿಸಿತು. ಎಣ್ಣೆ ಹಚ್ಚಿ ತಿಕ್ಕಿದಳು. ಕಳಕಪ್ಪ ಅಲ್ಲೇ ನಿದ್ದೆಹೋದ, ಬೆಳಗ್ಗೆ ಹಗುರಾಗಿ ಎದ್ದು ಪೇಟೆಗೆ ಹೋದ.

ನೋಡಿದಿಯಾ ಎನ್ನುವಂತೆ ಹೊಳೆವ್ವ ಸೊಸೆ ಸಿದ್ದಲಿಂಗವ್ವನ ಮುಖ ನೋಡಿದಳು. ಮರುದಿನ ಸಂಜೆ ಮತ್ತೆ ನೋವು, ಮತ್ತೆ ಎಣ್ಣೆ, ಬೆಳಗ್ಗೆ ಮತ್ತೆ ಹಗುರ. ಹೀಗೇ ನಡೆಯಿತು. ಅವನು ಕೆಮ್ಮು ಬಂದಾಗ ಬಲಗೈಯಿಂದ ಧೋತರದ ಮೇಲೆ ಒತ್ತಿ ಹಿಡಿಯುವುದನ್ನು ಸಿದ್ದಲಿಂಗವ್ವ ಕಂಡಿದ್ದಳು. ಒಮ್ಮೆ ಅತ್ತೆಯ ಮುಂದೆ ಬಾಯಿ ತೆರೆದೂ ಇದ್ದಳು.

"ಅತ್ತೀ, ಅವರು ಕೆಮ್ಮಿದಾಗ ಕೆಳಗ ಕೈ ಹಿಡೀತಾರ್ರಿ."

"ಬಟ್ಟಿ ಸರದಾಗ ನೋವು ಕೆಳಗ ಇಳೀತೈತವ್ವ. ನಿನಗೇನ ಗೊತ್ತು?" ಎಂದು ಹೊಳೆವ್ವ ಅವಳ ಬಾಯಿ ಮುಚ್ಚಿಸಿದಳು. ದಣಿದವರ ಬಾಯಲ್ಲಿ ಉತ್ತರ ಬೇಗ ಬರುತ್ತದೆ.

ಒಂದು ದಿನ ಹೊತ್ತು ನೆತ್ತಿಗೆ ಬರುವಾಗ ಮನೆಯ ಮುಂದೆ ಗಾಡಿ ನಿಂತಿತು. ಗಾಡಿಯಲ್ಲಿ ಕಳಕಪ್ಪ ಮೊಣಕಾಲು ಎದೆಗೆ ಹಚ್ಚಿ ಮುದುಡಿ ಮಲಗಿದ್ದ. ಪಕ್ಕದಲ್ಲಿ ಪಿಂಜಾರ ಮದರಸಾಬ ಅವನ ತಲೆ ಹಿಡಿದು ಕೂತಿದ್ದ. ಈ ಮದರಸಾಬ ಅಂದಾನಪ್ಪನ ಜೊತೆಗಾರ. ಹರೆಯದಲ್ಲಿ ಇಬ್ಬರೂ ಒಂದೇ ತೊಲೆಯ ಕೆಳಗೆ ಅಂಡಿಗೆ ತುಳಿದವರು. ಆಮೇಲೆ ಮದರಸಾಬ ಯಾಕೋ ಆ ಕೆಲಸ ಬಿಟ್ಟು ಹತ್ತಿ ಹಿಂಜುವ ಬಿಲ್ಲು ಹಿಡಿದು ಕೂತುಬಿಟ್ಟ. ಮೈಗಳ್ಳ ಎಂದು ಊರು ನಕ್ಕಿತ್ತು. ಹೊಳೆವ್ವನೂ ನಕ್ಕಿದ್ದಳು.

"ಚೀಲದಾಗ ಕುಸದಾ ಯಕ್ಕಾ. ಎರಡು ಸಲ ವಾಂತಿ ಆತು," ಎಂದು ಮದರಸಾಬ ಹೇಳಿದ.

ವಾಂತಿ ಎಂಬ ಮಾತು ಕೇಳಿದ್ದೇ ಹೊಳೆವ್ವ ಮಗನನ್ನು ಒಳಗೆ ತರಿಸಿ ಮಲಗಿಸಿದಳು. ಅದೇ ಬೇಸಿಗೆ, ಅದೇ ಪಡಸಾಲೆ, ಅದೇ ಜಾಗಕ್ಕೆ ಹಾಸಿದ ಕಂಬಳಿ. ಗಂಡನನ್ನು ಕೊಂಡುಹೋದದ್ದು ಮಗನಿಗಾಗಿ ಬಂದಿದೆ ಎಂದು ಅವಳಿಗೆ ಖಾತ್ರಿಯಾಯಿತು. ಕೈ ಮಾತ್ರ ತನ್ನಷ್ಟಕ್ಕೆ ತಾನು ಕೆಲಸಕ್ಕೆ ಹೊರಟಿತು. ಕಣಕ ನಾದಿತು, ಬತ್ತಿ ಹೊಸೆಯಿತು, ತಂಬಿಗೆ ತಂದಿತು.

ಬತ್ತಿಗೆ ಕಿಡಿ ತಾಗಿಸುವ ಹೊತ್ತಿಗೆ ಮದರಸಾಬ ಅವಳ ಮಣಿಕಟ್ಟು ಹಿಡಿದ. ಆ ಊರಲ್ಲಿ ಪರಗಂಡಸು ಹಾಗೆ ಕೈ ಹಿಡಿಯುವುದಿಲ್ಲ. ಸಿದ್ದಲಿಂಗವ್ವ ಹೌಹಾರಿ ನಿಂತಳು.

"ಬ್ಯಾಡ ಯಕ್ಕಾ. ತಂಬಿಗಿ ಹಾಕಬ್ಯಾಡ. ಇದು ಬಟ್ಟಿ ಅಲ್ಲ."

"ಬಿಡೋ ಕೈ! ಬಟ್ಟಿ ಅಲ್ಲದ ಮತ್ತೇನು?"

"ಬೈಯಬೇಕಂದ್ರ ಆಮ್ಯಾಲ ಬೈ. ಈಗ ಅವನ ಉಡದಾರದ ಕೆಳಗ ನೋಡು."

"ನಾ ನೋಡಂಗಿಲ್ಲ."

"ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ ಯಕ್ಕಾ," ಎಂದ ಮದರಸಾಬ. "ಅವಗ ನೀರ ಎರದು ಬೆಳಸಿದಾಕಿ ನೀನು. ನೋಡು."

ಕಳಕಪ್ಪ ಬೇಡ ಬೇಡ ಎಂದು ಎರಡೂ ಕೈಯಿಂದ ಧೋತರ ಹಿಡಿದುಕೊಂಡ. ಸಾಯುವ ನೋವಿನಲ್ಲೂ ಅವನಿಗೆ ನಾಚಿಕೆ. ಮದರಸಾಬ ಮೆಲ್ಲಗೆ ಆ ಕೈ ಬಿಡಿಸಿ, ಬಟ್ಟೆಯನ್ನು ಬಲಗಡೆ ಸರಿಸಿದ. ತೊಡೆಸಂದಿಯಲ್ಲಿ ಎಳೆಯ ಬದನೆಕಾಯಿಯಷ್ಟು ದಪ್ಪದ ಗಂಟು ಎದ್ದಿತ್ತು. ಹೊಳೆವ್ವ ನೋಡಿದಳು. ಮೂವತ್ತು ವರ್ಷ ಹೊಟ್ಟೆಗಳನ್ನು ಕಂಡವಳು ಇದನ್ನು ಕಂಡದ್ದು ಮೊದಲ ಸಲ.

"ಕರಳು," ಎಂದ ಮದರಸಾಬ. "ಅಂಡಿಗಿ ಹೊಲಿಗಿ ಬಿಚ್ಚಿದಲ್ಲಿ ಹತ್ತಿ ಹೊರಗ ಬರ್ತೈತಲ್ಲ, ಹಂಗ. ಇಲ್ಲಿ ಹೊಟ್ಟಿ ಗ್ವಾಡಿ ಭಾಳ ತೆಳ್ಳಗ. ಭಾರ ಬಿದ್ದ್ರ ಬಾಯಿ ಬಿಡತೈತಿ. ನಿಂತ್ರ, ಕೆಮ್ಮಿದ್ರ ಕರಳು ಇಣುಕತೈತಿ, ಮಲಗಿದ್ರ ಒಳಗ ಹೋಗತೈತಿ. ಇವತ್ತ ಒಳಗ ಹೋಗದಂಗ ಸಿಗಿಬಿದ್ದೈತಿ."

ಅವನು ಹೇಳಿದಂತೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಕಳಕಪ್ಪನ ಸೊಂಟದ ಕೆಳಗೆ ಪೇರಿಸಿದರು. ತಲೆ ತಗ್ಗಾಯಿತು, ಕಾಲು ಮೇಲಾಯಿತು, ಮೊಣಕಾಲು ಮಡಿಸಿದರು. ಸಿದ್ದಲಿಂಗವ್ವ ಕೊಡದ ತಣ್ಣೀರಲ್ಲಿ ಬಟ್ಟೆ ಅದ್ದಿ ಅದ್ದಿ ಕೊಟ್ಟಳು. ಮದರಸಾಬ ಗಂಟಿನ ಬಣ್ಣವನ್ನು ಬಗ್ಗಿ ನೋಡಿದ.

"ಕಪ್ಪಾಗಿದ್ದ್ರ ನಾ ಕೈ ಹಚ್ಚತಿರಲಿಲ್ಲ. ಇನ್ನ ಹೊತ್ತೈತಿ. ಕಳಕಾ, ಉಸುರು ಬಿಡೋ, ಬಿಗಿ ಹಿಡೀಬ್ಯಾಡ."

ಆಮೇಲೆ ಕಾಯುವುದೇ ಕೆಲಸವಾಯಿತು. ಮದರಸಾಬನ ಬೆರಳುಗಳು ಗಂಟನ್ನು ಸುತ್ತುವರಿದು ಹಿಡಿದಿದ್ದವು, ಒತ್ತಿದ್ದು ಕಾಣುತ್ತಿರಲಿಲ್ಲ. ಹೊಳೆವ್ವನಿಗೆ ಜೋರಾಗಿ ಒತ್ತೋ ಎಂದು ಕೂಗಬೇಕೆನಿಸಿತು. ಅವಳ ವಿದ್ಯೆಯಲ್ಲಿ ಎಲ್ಲವೂ ಜೋರಿನದೇ. ಬಿಸಿಲು ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು. ಮಗನ ಮುಖದ ಮೇಲೆ ನೊಣ ಕೂತರೆ ಅದನ್ನು ಓಡಿಸುವುದು ಬಿಟ್ಟು ಅವಳಿಗೆ ಮಾಡಲು ಏನೂ ಇರಲಿಲ್ಲ. ಕೈಗುಣದ ಹೊಳೆವ್ವ ನೊಣ ಓಡಿಸುತ್ತಾ ಕೂತಳು.

ಎಷ್ಟೋ ಹೊತ್ತಿನ ಮೇಲೆ ಕಳಕಪ್ಪ ಒಂದು ಉದ್ದ ಉಸಿರು ಬಿಟ್ಟ. ಮದರಸಾಬನ ಬೆರಳಿನ ಅಡಿ ಗುಳುಗುಳು ಎಂದು ಸದ್ದಾಯಿತು. ಗಂಟು ಮೆತ್ತಗಾಯಿತು, ಸಣ್ಣದಾಯಿತು, ಆಮೇಲೆ ಇರಲಿಲ್ಲ. ಮದರಸಾಬ ಅಲ್ಲಾನ ಹೆಸರು ಹೇಳಿ ಗೋಡೆಗೆ ಒರಗಿದ; ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಕಳಕಪ್ಪ ಕಣ್ಣು ತೆರೆದು ಕುಡಿಯಲು ನೀರು ಕೇಳಿದ. ಸಿದ್ದಲಿಂಗವ್ವ ಒಳಗೆ ಹೋಗಿ ಅಳುವುದು ಕೇಳಿಸಿತು.

ಸಂಜೆ ಮದರಸಾಬ ಚೆನ್ನಾಗಿ ಹಿಂಜಿದ ಹತ್ತಿ, ಗಟ್ಟಿ ಬಟ್ಟೆ, ಸೂಜಿ ತಂದು ಕಟ್ಟೆಯ ಮೇಲೆ ಕೂತ. ಹತ್ತಿಯನ್ನು ಮುಷ್ಟಿಯಲ್ಲಿ ಒತ್ತಿ ಒತ್ತಿ ತುಂಬಿ, ಅಂಗೈ ಅಗಲದ ಗಟ್ಟಿ ಮೆತ್ತೆ ಹೊಲಿಯತೊಡಗಿದ. ಎರಡು ಉದ್ದನೆಯ ಪಟ್ಟಿ, ಒಂದು ಸೊಂಟಕ್ಕೆ, ಒಂದು ತೊಡೆಯ ನಡುವಿನಿಂದ ಹಿಂದಕ್ಕೆ. ಹೊಳೆವ್ವ ಬಾಗಿಲಲ್ಲಿ ಕೂತು ಕೇಳಿದಳು.

"ಇದನ್ನ ನಿನಗ ಯಾರ ಕಲಿಸಿದ್ರೋ?"

"ಸವಣೂರಾಗ ಒಬ್ಬ ಹಕೀಮ. ನನಗೂ ಹಿಂಗ ಆಗಿತ್ತು. ನೋಡು," ಎಂದು ಅವನು ಪೈಜಾಮದ ಮೇಲಿಂದ ತನ್ನ ತೊಡೆಸಂದಿಯನ್ನು ತಟ್ಟಿ ತೋರಿಸಿದ. ಒಳಗೆ ದಪ್ಪನೆಯ ಮೆತ್ತೆ ಇರುವುದು ಸದ್ದಿನಿಂದಲೇ ತಿಳಿಯಿತು. "ಮೈಗಳ್ಳ ಅಂತ ನಗತಿದ್ದ್ರಿ. ಯಾಕ ಬಿಟ್ಟೆ ಅಂತ ಹೆಂಗ ಹೇಳ್ಲಿ? ಬೆಳಗ್ಗೆ ಏಳೂಕಿಂತ ಮೊದಲು, ಮಲಗಿದಲ್ಲೇ ಕಟ್ಟಿಕೋಬೇಕು. ಭಾರ ಎತ್ತಬಾರದು, ಬೈಲಕಡಿಗೆ ಕೂತಾಗ ತಿಣುಕಬಾರದು. ಅಂಡಿಗ್ಯಾಗ ಇಳೀಲೇಬಾರದು. ಹರದದ್ದು ಕೂಡೂದಿಲ್ಲ ಯಕ್ಕಾ. ಕಟ್ಟಿಕೊಂಡು ಬಾಳೇ ಮಾಡೂದು."

"ಮತ್ತ ನಾ ತಿಕ್ಕಿದಾಗ ಹಗುರಾಗತಿತ್ತಲ್ಲ?"

"ಮಲಗತಿದ್ದನಲ್ಲ. ಮಲಗಿದ್ರ ಒಳಗ ಹೋಗತಿತ್ತು." ಅವನು ಸೂಜಿಗೆ ದಾರ ಏರಿಸುತ್ತಿದ್ದ, ಯೋಚಿಸದೆ ಮಾತು ಮುಂದುವರಿಸಿದ. "ಮೊನ್ನೆ ಕೇಳಿದೆ ಇವಗ. ಯವ್ವ ತಿಕ್ಕತಾಳ, ಹಗುರಾಗೇತಿ ಕಾಕಾ ಅಂದ. ಇವನಪ್ಪನೂ ಹಂಗ ಅಂತಿದ್ದ."

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ಸೂಜಿ ನಿಂತಿತು. ಕೇಳದಿದ್ದರೆ ಕೇಳದಂತೆಯೇ ಉಳಿಯಬಹುದಿತ್ತು. ಆದರೆ ಹೊಳೆವ್ವ ಕೇಳಿದಳು.

"ಇವನಪ್ಪಗೂ ಇದೇ ಇತ್ತೇನು?"

"ಇತ್ತು ಯಕ್ಕಾ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಇಂಥಾದೇ ಒಂದು ಮೆತ್ತಿ ಹೊಲದು ಕೊಟ್ಟಿದ್ದೆ. ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಂಡ್ರ ಮನ್ಯಾಗ ತಿಳೀತೈತಿ, ಹೊಳೆವ್ವನ ಗಂಡನ ನೋವಿಗೇ ಆಕಿ ಕೈ ನಡೀಲಿಲ್ಲಂತ ಮಂದಿ ಆಡ್ಕೋತಾರ, ನಾಕು ಊರಾಗ ಆಕಿಗೆ ಹೆಸರೈತಿ, ಇರಲಿ ಬಿಡು ಅಂದ. ನಿನಗ ಹೇಳಬ್ಯಾಡಂತ ನನಗ ಆಣಿ ಹಾಕಿದ. ಆಕಿ ಕೈ ಹಚ್ಚಿದ್ರ ನನಗ ಖರೇನ ಹಗುರಾಗತೈತಿ ಮದರಾ, ಅಂದಿದ್ದ."

ಹೊಳೆವ್ವನಿಗೆ ಮೊದಲು ಬಂದದ್ದು ಸಿಟ್ಟು. ಸತ್ತವನ ಮೇಲೆ ಬಂದ ಸಿಟ್ಟು ಅದು, ತೀರಿಸಿಕೊಳ್ಳಲು ಜಾಗವಿಲ್ಲ. ಯಾರು ಕೇಳಿದ್ದರು ಇವನಿಂದ ಈ ಹೆಸರನ್ನು? ದಿನಾ ಬೆಳಗ್ಗೆ ಅವಳು ಯಾವ ಹೆಸರಿಗೆ ಶಾಪ ಹಾಕುತ್ತಾ ಏಳುತ್ತಿದ್ದಳೋ, ಆ ಹೆಸರನ್ನು ಉಳಿಸಲು ಅವನು ಸುಮ್ಮನೆ ಅಂಗಾತ ಮಲಗಿ ತಿಕ್ಕಿಸಿಕೊಂಡಿದ್ದ. ಕೊನೆಯ ದಿನ ತಂಬಿಗೆ ಹೊಟ್ಟೆ ಕಚ್ಚಿದಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಬದುಕಿಸು ಎಂದು ಬೇಡುತ್ತಿದ್ದಾನೆ ಎಂದುಕೊಂಡಿದ್ದಳು. ಅವನಿಗೆ ಎಲ್ಲ ಗೊತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು, ಒಳಗೆ ಮಗ ಮಲಗಿದ್ದನಲ್ಲ, ಅವನಿಗೆ ಕೇಳಬಾರದು.

"ಆಣಿ ಹಾಕಿದ್ದ್ರೇನಾತು? ನೀನರೆ ಹೇಳಬೇಕಿತ್ತಲ್ಲೋ," ಎಂದಳು ಕೊನೆಗೆ.

"ಹೇಳಬೇಕಿತ್ತು ಯಕ್ಕಾ," ಎಂದ ಮದರಸಾಬ. ಮೆತ್ತೆಯ ಕೊನೆಯ ಹೊಲಿಗೆ ಹಾಕಿ ದಾರ ಕಡಿದ.

ಕಳಕಪ್ಪ ಮಳೆಗಾಲ ಹಿಡಿಯುವ ತನಕ ಮನೆಯಲ್ಲೇ ಉಳಿದ. ಮೆತ್ತೆ ಕಟ್ಟಿಕೊಳ್ಳಲು ಮೊದಮೊದಲು ಮುಖ ಕಿವುಚಿದ, ಸೆಕೆಗೆ ತೊಡೆ ಉಜ್ಜಿ ಗಾಯವಾಯಿತು, ಸಿದ್ದಲಿಂಗವ್ವ ಬೆಣ್ಣೆ ಹಚ್ಚಿ ಬೈದು ಕಟ್ಟಿಸಿದಳು. ಆಮೇಲೆ ಪೇಟೆಗೆ ಹೋಗಿ ತುಂಬಿದ ಅಂಡಿಗೆಗಳ ಬಾಯಿ ಹೊಲಿಯುವ ಕೆಲಸ ಹಿಡಿದ. ಕೂತು ಮಾಡುವ ಕೆಲಸ, ಬೆಲ್ಲ ಸಿಗುವುದಿಲ್ಲ. ಚೀಲದಿಂದ ಮೇಲೆ ಬಂದವರು ಬೆಲ್ಲ ಕಚ್ಚುವಾಗ ಅವನು ತಲೆ ಎತ್ತಿ ನೋಡುವುದಿಲ್ಲ ಎಂದು ಮದರಸಾಬ ಹೇಳಿದ್ದು ಹೊಳೆವ್ವನ ಕಿವಿಗೂ ಬಿತ್ತು. ನೋಡದಿದ್ದರೆ ನೋಡದಿರಲಿ, ಸಂಜೆ ಮನೆಗೆ ಬರುತ್ತಾನಲ್ಲ ಎಂದುಕೊಂಡಳು.

ಅಷ್ಟು ದಿನವೂ ಅವಳು ಬಂದವರಿಗೆ ಬಾಗಿಲು ತೆಗೆದಿರಲಿಲ್ಲ. ಹೊತ್ತೇರುವ ತನಕ ಮಲಗಲು ಈಗ ಯಾರ ಅಡ್ಡಿಯೂ ಇರಲಿಲ್ಲ, ಆದರೆ ಕಣ್ಣು ಬೆಳಕಿಗೆ ಮೊದಲೇ ತೆರೆದುಕೊಂಡು ತೊಲೆಯನ್ನು ನೋಡುತ್ತಿತ್ತು. ಇಷ್ಟು ವರ್ಷಗಳಲ್ಲಿ ತಿಕ್ಕಿ ಕಳಿಸಿದ ಗಂಡಸರ ಮುಖಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಎಷ್ಟು ಮಂದಿ ಹೊಕ್ಕುಳ ತೋರಿಸಿ ಸುಳ್ಳು ಹೇಳಿದ್ದರೋ? ಆಮೇಲೆ ಬಾರದೆ ಹೋದವರು ವಾಸಿಯಾಗಿ ಬಾರದೆ ಹೋದರೋ ಅಥವಾ ಇಲ್ಲದೆಯೇ ಹೋದರೋ?

ಒಂದು ಬೆಳಗ್ಗೆ ಬಾಗಿಲು ತೆರೆದಳು. ಕಟ್ಟೆಯ ಮೇಲೆ ಕೊಣ್ಣೂರ ಕಡೆಯ ಒಬ್ಬ ಹೆಂಗಸು, ಜೊತೆಗೆ ಎತ್ತರದ ಮಗ, ಅತ್ತ ಊರಿನ ಇಬ್ಬರು ಹೆಂಗಸರು. ಮಗನ ಹೊಟ್ಟೆ ಹಿಡಿದುಕೊಂಡಿದೆ, ಬಟ್ಟಿ ನೋಡವ್ವ ಎಂದು ಹೆಂಗಸು ಕೈಮುಗಿದಳು. ಹುಡುಗ ಆಗಲೇ ಮಲಗಲು ಹೊರಟಿದ್ದ.

"ಮಲಗಬ್ಯಾಡ. ನಿಂತ್ಕೋ," ಎಂದಳು ಹೊಳೆವ್ವ. "ನಿಂತು ಕೆಮ್ಮು."

ಹುಡುಗ ತಾಯಿಯ ಮುಖ ನೋಡಿದ. ಊರ ಹೆಂಗಸರು ಕಿಸಕ್ಕನೆ ನಕ್ಕರು; ಮಗನ ಸಂಕಟದಲ್ಲಿ ಹೊಳೆವ್ವನಿಗೆ ತಲೆ ಕೆಟ್ಟಿದೆ ಎಂಬುದು ಆಗಲೇ ಊರ ಮಾತಾಗಿತ್ತು. ಹುಡುಗ ಕೆಮ್ಮಿದ. ಅವನ ಎಡಗೈ ತಾನಾಗಿ ಕೆಳಗೆ ಹೋಗಿ ಧೋತರದ ಮೇಲೆ ಒತ್ತಿ ನಿಂತಿತು. ಹೊಳೆವ್ವ ಆ ಕೈಯನ್ನೇ ನೋಡಿದಳು, ಕಣ್ಣು ತಿರುಗಿಸಲಿಲ್ಲ.

"ಪಿಂಜಾರ ಓಣಿಯಾಗ ಮದರಸಾಬ ಅಂತ ಅದಾನ. ಅಲ್ಲಿಗೆ ಕರಕೊಂಡು ಹೋಗು ತಂಗಿ. ಎಲ್ಲಿ ನೋವೈತಿ ಅಂತ ನಿನ್ನ ಮಗ ಅವಗ ಹೇಳತಾನ."

"ನಿನ್ನ ಕೈಗುಣ ನಂಬಿ ಹೊಳಿ ದಾಟಿ ಬಂದೇವಿ," ಎಂದು ಹೆಂಗಸು ನೊಂದು ಹೇಳಿದಳು. "ಒಂದ ಸಲ ಕೈಯರೆ ಹಚ್ಚು."

"ಆ ಕೈಗುಣ ನನ್ನ ಗಂಡನ ಜೋಡಿ ಮಣ್ಣಾಗೇತಿ, ತಂಗಿ. ನಿನ್ನ ಮಗ ಬದುಕ್ಲಿ."

ನಗುತ್ತಿದ್ದ ಹೆಂಗಸರು 'ಏನಂದಿ, ಏನಂದಿ?' ಎಂದು ಹತ್ತಿರ ಬಂದರು. ಹೊಳೆವ್ವನಿಗೆ ಅವರ ಕಿವಿಯ ಹೆದರಿಕೆ ಇರಲಿಲ್ಲ. ಬೇಕಿದ್ದರೆ ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳಲಿ. ಅಂದಾನಪ್ಪ ಜೀವ ಕೊಟ್ಟು ಮುಚ್ಚಿದ್ದನ್ನು ಅವಳು ಕಟ್ಟೆಯ ಮೇಲೆ ಕೂತು ಬಿಚ್ಚುತ್ತಿದ್ದಳು. ಹುಡುಗ ಕಾಲೆಳೆಯುತ್ತಾ ಪಿಂಜಾರ ಓಣಿಯತ್ತ ತಿರುಗಿದ್ದು ಕಾಣಿಸಿತು. ತಾಯಿ ಗೊಣಗುತ್ತಾ ಅವನ ಹಿಂದೆ ಹೋದಳು.

ಹೊಳೆವ್ವ ಒಳಗೆ ಹೋಗಿ ಬಟ್ಟಿಯ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು, ಎಲ್ಲರೆದುರಿಗೆ ಕೂತು ಕುಡಿದಳು. ಆಮೇಲೆ ಉಳಿದ ಹೆಂಗಸರ ಕಡೆ ತಿರುಗಿದಳು.

"ನಿಮ್ಮಾಗ ಯಾರಿಗೆ ನೋವು? ಎದ್ದು ನಿಂತ್ಕೋ. ಕೆಮ್ಮು."